ತಿರುವಿಗೆ ಜಾಗ ಬಿಡುವ ಅಂದಾಜಕ್ಕ

ಬೆಳಗಿನ ಐದೂಕಾಲು. ಕೊಟ್ಟಿಗೆಯ ಹಿಂದೆ, ಮೈತುಂಬ ಹಳೆಯ ಟೈರುಗಳನ್ನು ಹೇರಿಕೊಂಡು ಮಲಗಿರುವ ಕಪ್ಪು ಪ್ಲಾಸ್ಟಿಕ್ ಹಾಳೆಯ ಮುಂದೆ ಒಬ್ಬ ಹೆಣ್ಣುಮಗಳು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಹಾಳೆಯ ಅಂಚಿಗೆ ಮೂಗು ಹಚ್ಚಿ ಉಸಿರೆಳೆಯುತ್ತಾರೆ. ರಬ್ಬರಿನ ವಾಸನೆ, ಇಬ್ಬನಿಯ ವಾಸನೆ, ಅಷ್ಟೇ. ಒಳಗಿನದು ಒಳಗೇ ಇದೆ. ಅಂಗೈಯನ್ನು ಹಾಳೆಯ ಮೇಲಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವಂತೆ, ಬಿಸಿ ಇದೆಯೇ ಎಂದು ತಡವುತ್ತಾರೆ. ಹಾಳೆ ತಣ್ಣಗಿದೆ. ಆದರೆ ಬೆಳಗಿನ ಈ ಹೊತ್ತಿನಲ್ಲಿ ಎಲ್ಲವೂ ತಣ್ಣಗೇ ಇರುತ್ತದೆ.

"ಎತ್ತಬಹುದು. ಆದ್ರೆ ತೋಟದ ಯಜಮಾನ್ರು ಬರ್ಲಿ," ಎನ್ನುತ್ತಾರೆ. "ನಾನೊಬ್ಳೇ ಮೊದ್ಲು ತೆಗ್ದು, ಚೆನ್ನಾಗಿರೋದನ್ನ ಮುಂದೆ ಇಟ್ಟೆ ಅಂತ ನಾಳೆ ಯಾರೂ ಅನ್ಬಾರ್ದು ನೋಡಿ."

ಹಾಳೆಯ ಕೆಳಗಿರುವುದು ರಸಮೇವು. ಹಾಲುಗಾಳಿನ ಹದದಲ್ಲಿ ಕೊಯ್ದ ಮೆಕ್ಕೆಜೋಳವನ್ನು ದಂಟು, ಎಲೆ, ತೆನೆಯ ಸಮೇತ ಬೆರಳಗಲಕ್ಕೆ ಕತ್ತರಿಸಿ, ಗುಂಡಿಗೆ ತುಂಬಿ, ಟ್ರ್ಯಾಕ್ಟರ್ ಹತ್ತಿಸಿ ತುಳಿದು, ಗಾಳಿಯಾಡದಂತೆ ಮುಚ್ಚಿಟ್ಟ ಮೇವು. ಗುಂಡಿ ಅರವತ್ತು ಅಡಿ ಉದ್ದ, ಹದಿನಾರು ಅಡಿ ಅಗಲ, ಎಂಟು ಅಡಿ ಆಳ. ನಲವತ್ತೊಂದು ಹಸುಗಳಿಗೆ ದಿನಕ್ಕೆ ಒಂದು ಟನ್ ಬೇಕು. ಎಂದರೆ ಈ ಹಾಳೆಯಡಿ ನಾಲ್ಕು ತಿಂಗಳ ಅನ್ನವಿದೆ. ಮುಚ್ಚಿ ಇಂದಿಗೆ ನಲವತ್ತೈದು ದಿನ. ಮಣ್ಣಿಗೆ ಹಾಕಿದ ಬೀಜವನ್ನು ಭಗವಂತ ಕಾಯುತ್ತಾನೆ ಎಂದು ನಂಬಿ ನಿದ್ದೆ ಮಾಡಬಹುದು. ಬೆಳೆದದ್ದನ್ನು ಮತ್ತೆ ಮಣ್ಣಿನ ಹೊಟ್ಟೆಗೇ ಇಟ್ಟು ಮುಚ್ಚಿದವರಿಗೆ ಆ ನಿದ್ದೆಯೂ ಇಲ್ಲ.

ಇವರನ್ನು ಎಲ್ಲರೂ ಕರೆಯುವುದು ಅಂದಾಜಕ್ಕ ಎಂದು. ವಯಸ್ಸು ಐವತ್ನಾಲ್ಕು. ಈ ಹೈನು ತೋಟಕ್ಕೆ ಬಂದು ಇಪ್ಪತ್ತೆರಡು ವರ್ಷ. ಬಂದದ್ದು ಸಗಣಿ ಬಾಚುವ ಕೆಲಸಕ್ಕೆ. ಇಂದು ಒಂಬತ್ತು ಎಕರೆ ಮೆಕ್ಕೆಜೋಳ, ಎರಡು ಎಕರೆ ಕುದುರೆಮೆಂತೆ ಸೊಪ್ಪು, ಒಂದು ಎಕರೆ ಮೇವಿನ ಹುಲ್ಲು, ಎಲ್ಲದರ ಬಿತ್ತನೆ, ನೀರು, ಕೊಯ್ಲು ಅವರದೇ. ಜೊತೆಗೆ ಇನ್ನೊಂದು ಕೆಲಸ ಯಾರೂ ಹೇಳದೆ ಅವರ ತಲೆಗೆ ಬಂದು ಕೂತಿದೆ. ಯಾವ ಯಂತ್ರ ತರಬೇಕು, ಅದಕ್ಕೆ ಎಷ್ಟು ತಗಲುತ್ತದೆ, ಎಷ್ಟು ದಿನ ಬಾಳುತ್ತದೆ, ಬಾಡಿಗೆಗೆ ತರುವುದೋ ಕೊಳ್ಳುವುದೋ, ಈ ಲೆಕ್ಕವನ್ನು ಅವರು ಹೇಳಬೇಕು.

ಅವರ ಅಳತೆ ವಿಚಿತ್ರ. ದುಡ್ಡಿನಲ್ಲಿ ಹೇಳುವುದೇ ಇಲ್ಲ, ಹಾಲಿನ ಕ್ಯಾನಿನಲ್ಲಿ ಹೇಳುತ್ತಾರೆ. ನಲವತ್ತು ಲೀಟರಿನ ಕ್ಯಾನು. ಕೊಟ್ಟಿಗೆಯಿಂದ ದಿನಕ್ಕೆ ಏಳು ಕ್ಯಾನು ಹೊರಡುತ್ತದೆ. "ದುಡ್ಡಲ್ಲಿ ಹೇಳಿದ್ರೆ ಎಲ್ರೂ ಚೌಕಾಸಿಗೆ ನಿಲ್ತಾರೆ. ಕ್ಯಾನಲ್ಲಿ ಹೇಳಿದ್ರೆ ಸುಮ್ನಾಗ್ತಾರೆ. ಕರೆದವ್ರಿಗೆ ಗೊತ್ತಲ್ಲ, ಒಂದು ಕ್ಯಾನು ತುಂಬೋಕೆ ಬೆರಳು ಎಷ್ಟು ನೋಯುತ್ತೆ ಅಂತ."

ಟ್ರ್ಯಾಕ್ಟರ್ ಓಡಿಸುವವರು ಅವರ ಗಂಡನ ತಮ್ಮ. ಬೀಡಿ ಹಚ್ಚದೆ ತುಟಿಯಲ್ಲಿ ಇಟ್ಟುಕೊಂಡೇ ಮಾತಾಡುವ ಅಭ್ಯಾಸ. ಅತ್ತಿಗೆಗೆ ಈ ಹೆಸರು ಇಟ್ಟದ್ದು ಅವರೇ, ಅದೂ ಹೊಗಳಿಕೆಗಲ್ಲ.

"ನನ್ನ ಮದ್ವೆ ಊಟಕ್ಕೆ ಇವ್ರೇ ಅಂದಾಜು ಹಾಕಿದ್ದು. ನೂರೈವತ್ತು ಜನ ಅಂದ್ರು. ಬಂದಿದ್ದು ಮುನ್ನೂರು. ಮದುಮಗ ಉಪವಾಸ!"

"ನಿನ್ನ ಮುಖ ನೋಡಿ ಹಾಕಿದ್ದು ಕಣೋ. ಈ ಮುಖಕ್ಕೆ ಅಷ್ಟು ಜನ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?"

ಇಬ್ಬರೂ ನಗುತ್ತಾರೆ. ಆದರೆ ಅಂದಾಜಕ್ಕನ ಕಣ್ಣು ಹಾಳೆಯಿಂದ ಕದಲುವುದಿಲ್ಲ. ಹೆಸರು ಬಿದ್ದದ್ದು ಮದುವೆ ಊಟಕ್ಕಾದರೂ, ಅದು ಚುಚ್ಚತೊಡಗಿದ್ದು ಹೋದ ವರ್ಷದಿಂದ.

ಹೋದ ವರ್ಷ ಕೊಯ್ಲಿಗೆ ಬಾಡಿಗೆಯ ದೊಡ್ಡ ಯಂತ್ರ ಬಂದಿತ್ತು. ಒಂದೇ ಸಲಕ್ಕೆ ನಾಲ್ಕು ಸಾಲು ಕೊಯ್ದು, ಕತ್ತರಿಸಿ, ಟ್ರೇಲರಿಗೆ ಉಗುಳುವಂಥದ್ದು. ಯಂತ್ರದವರು ಕೊಟ್ಟ ಕಾಗದದಲ್ಲಿ ಗಂಟೆಗೆ ಇಷ್ಟು ಎಕರೆ ಎಂದಿತ್ತು. ಒಂಬತ್ತು ಎಕರೆಗೆ ಒಂದೂವರೆ ದಿನ ಎಂದು ಅಂದಾಜಕ್ಕ ಲೆಕ್ಕ ಹಾಕಿದರು. ಇರಲಿ ಎಂದು ಎರಡು ದಿನಕ್ಕೆ ಬಾಡಿಗೆ ಹೇಳಿದರು. ಆದರೆ ಇಲ್ಲಿಯ ಹೊಲ ಒಂದೇ ಹಾಸಲ್ಲ. ನೀರಿನ ಕಾಲುವೆಗಳು ಅಡ್ಡಾಡಿ ಏಳು ಗಿಡ್ಡ ಪಟ್ಟಿಗಳಾಗಿವೆ. ಪ್ರತಿ ಸಾಲಿನ ಕೊನೆಯಲ್ಲಿ ಆ ಆನೆಯಂಥ ಯಂತ್ರ ಹಿಂದೆ ಮುಂದೆ ಹೋಗಿ, ಬದುವಿಗೆ ಚಕ್ರ ತಾಗಿಸಿ, ಉಸಿರು ಬಿಟ್ಟು ತಿರುಗಬೇಕು. ಒಂದು ತಿರುವಿಗೆ ನಾಲ್ಕು ನಿಮಿಷ. ಅಂಥವು ನೂರಿಪ್ಪತ್ತೈದು.

"ಎಕರೆ ಲೆಕ್ಕ ಹಾಕ್ದೆ, ತಿರುವು ಲೆಕ್ಕ ಹಾಕ್ಲಿಲ್ಲ," ಎನ್ನುತ್ತಾರೆ ಅಂದಾಜಕ್ಕ. ಈ ಮಾತನ್ನು ಎಷ್ಟು ಸಲ ತಮಗೆ ತಾವೇ ಹೇಳಿಕೊಂಡಿದ್ದಾರೋ, ದನಿಯಲ್ಲಿ ಈಗ ಏರಿಳಿತವೇ ಇಲ್ಲ. "ಎಂಟು ಗಂಟೆ ಬರೀ ತಿರುಗೋದ್ರಲ್ಲೇ ಹೋಯ್ತು. ಎರಡನೇ ದಿನ ಸಂಜೆ ಯಂತ್ರದವ್ರು ಬೇರೆ ಕಡೆ ಮಾತು ಕೊಟ್ಟಿದೀವಿ ಅಂತ ಹೊರಟೇಬಿಟ್ರು. ಎರಡು ಎಕರೆ ನಿಂತೇ ಇತ್ತು."

ಅಸಲಿ ತಪ್ಪು ಆಮೇಲಿನದು. ಆ ಸಂಜೆಯೇ ಗುಂಡಿಗೆ ಹಾಳೆ ಹೊದಿಸಬೇಕಿತ್ತು. ಉಳಿದ ಎರಡು ಎಕರೆ ನಾಳೆ ಬಂದೀತು, ನಾಡಿದ್ದು ಬಂದೀತು ಎಂದು ಅಂದಾಜಕ್ಕ ಗುಂಡಿಯನ್ನು ತೆರೆದೇ ಇಟ್ಟರು. ಯಂತ್ರ ಮರಳಿದ್ದು ಒಂಬತ್ತನೇ ದಿನ. ಅಷ್ಟರಲ್ಲಿ ಗುಂಡಿಗೆ ಗಾಳಿ ಹೊಕ್ಕು, ಒಳಗಿನ ಮೇವು ಕೈ ಇಡಲಾರದಷ್ಟು ಬಿಸಿಯಾಗಿತ್ತು. ತೆಗೆದಾಗ ಬಿಳಿ ಬೂಷ್ಟು. ಅರ್ಧ ಗುಂಡಿ ಗೊಬ್ಬರಕ್ಕೆ ಹೋಯಿತು. ಮಿಕ್ಕದ್ದನ್ನು ಆರಿಸಿ ಆರಿಸಿ ಹಾಕಿದರೂ ಹಾಲು ಏಳು ಕ್ಯಾನಿನಿಂದ ನಾಲ್ಕಕ್ಕೆ ಇಳಿಯಿತು. ಏಳು ತಿಂಗಳ ಗಬ್ಬದ ಚುಕ್ಕಿ ಎಂಬ ಹಸು ಕಂದು ಹಾಕಿತು.

"ಡಾಕ್ಟ್ರು ಮೇವಿಂದ್ಲೇ ಅಂತ ಹೇಳೋಕಾಗಲ್ಲ ಅಂದ್ರು. ಒಳ್ಳೇವ್ರು ಅವ್ರು." ಇಷ್ಟು ಹೇಳಿ ಅಂದಾಜಕ್ಕ ಟೈರಿನ ಮೇಲಿನ ನೀರನ್ನು ಸೆರಗಿನಿಂದ ಒರೆಸುತ್ತಾರೆ. ಒರೆಸುವ ಅಗತ್ಯವೇನೂ ಇರಲಿಲ್ಲ.

ಆ ವರ್ಷವೇ ಯಜಮಾನರು ಒಂದು ಮಾತು ಹೇಳಿದ್ದಾರೆ. ಇನ್ನೊಂದು ಗುಂಡಿ ಕೆಟ್ಟರೆ ಹೊಲವನ್ನು ಬೇರೆಯವರಿಗೆ ಕೊಟ್ಟುಬಿಡುವುದು, ಮೇವನ್ನು ಹೊರಗಿನಿಂದ ಕೊಳ್ಳುವುದು. ಬೈದು ಹೇಳಿದ್ದಲ್ಲ, ಮೆಲ್ಲಗೆ ಹೇಳಿದ್ದು. ಅದಕ್ಕೇ ಭಯ ಹೆಚ್ಚು. ಹೊಲ ಹೋದರೆ ಅಂದಾಜಕ್ಕನಿಗೆ ಮತ್ತೆ ಸಗಣಿ ಬಾಚುವ ಕೆಲಸ ಸಿಕ್ಕೀತು. "ಅದೇನು ಕೀಳು ಕೆಲ್ಸ ಅಲ್ಲ. ಆದ್ರೆ ಬಿತ್ತಿದ ಕೈಗೆ ಬಿತ್ತೋದು ಬೇಕು ಅನ್ಸುತ್ತಲ್ಲ."

ಹಾಗಾಗಿ ಈ ಸಲ ಬಿತ್ತುವ ಮೊದಲೇ ಅವರು ಒಂದು ಕೆಲಸ ಮಾಡಿದರು. ಬರಿಯ ಹೊಲದಲ್ಲಿ ಮೈದುನನಿಂದ ಟ್ರ್ಯಾಕ್ಟರ್ ಓಡಿಸಿದರು. ತಾವು ಬದುವಿನ ಮೇಲೆ ಒಂದು ಡಬ್ಬಿ ಹಿಡಿದು ನಿಂತು, ಪ್ರತಿ ತಿರುವಿಗೂ ಒಂದು ಕಲ್ಲು ಹಾಕಿದರು. ಮೈದುನನಿಗೆ ನಗು. "ಎಣ್ಣೆ ಸುಟ್ಟು ಗಾಳಿ ಕೊಯ್ತಾ ಇದೀವಾ ಅತ್ತಿಗೆ?" ಎಂದು ಕೂಗಿದ್ದಕ್ಕೆ, "ಬಾಯಿ ಮುಚ್ಕೊಂಡು ತಿರುಗ್ಸು, ಕಲ್ಲು ತಪ್ಪುತ್ತೆ," ಎಂದು ಉತ್ತರ ಬಂತು.

ಆ ಕಲ್ಲುಗಳಿಂದ ಎರಡು ತೀರ್ಮಾನ ಹುಟ್ಟಿತು. ಒಂದು, ಬಾಡಿಗೆಯ ದೊಡ್ಡ ಯಂತ್ರ ಬೇಡ. ನಮ್ಮದೇ ಟ್ರ್ಯಾಕ್ಟರಿನ ಪಕ್ಕಕ್ಕೆ ಸಿಕ್ಕಿಸಿಕೊಳ್ಳುವ, ಒಂದೇ ಸಾಲು ಕೊಯ್ಯುವ ಹಳೆಯ ಯಂತ್ರವೊಂದನ್ನು ಕೊಳ್ಳುವುದು. ಬೆಲೆ ನೂರೆಂಬತ್ತು ಕ್ಯಾನು. ಇಪ್ಪತ್ತಾರು ದಿನ ಇಡೀ ಕೊಟ್ಟಿಗೆ ಯಂತ್ರಕ್ಕೇ ಹಾಲು ಕರೆದಂತೆ. ಬಾಡಿಗೆಯಾದರೆ ಬೆಳೆಗೆ ಮೂವತ್ತು, ವರ್ಷಕ್ಕೆ ಎರಡು ಬೆಳೆ. ಅಲಗು, ಬೆಲ್ಟು, ಗ್ರೀಸು ಸೇರಿ ಸ್ವಂತದ್ದಕ್ಕೆ ವರ್ಷಕ್ಕೆ ಹನ್ನೆರಡು ಕ್ಯಾನು. ನಾಲ್ಕನೇ ವರ್ಷ ಮುಗಿಯುವ ಮೊದಲು ಯಂತ್ರ ತನ್ನ ಋಣ ತೀರಿಸುತ್ತದೆ. "ಕೊಂಡ ದಿನ ಕೊಟ್ಟಿದ್ದು ಯಂತ್ರದ ಬೆಲೆ ಅಲ್ಲ. ಅದು ಕೆಟ್ಟು ನಿಂತ ದಿನ ಕೊಡ್ತೀವಲ್ಲ, ಅದನ್ನೂ ಸೇರಿಸ್ಬೇಕು," ಎಂಬುದು ಅವರ ವಾದ. ಮೂರು ಕ್ಯಾನಿನ ಹೆಚ್ಚುವರಿ ಅಲಗುಗಳನ್ನು ಹಟ ಹಿಡಿದು ತರಿಸಿದರು. ಕೊಯ್ಲಿನ ಮೊದಲ ದಿನವೇ ಕಲ್ಲೊಂದು ಸಿಕ್ಕಿ ಅಲಗು ಮುರಿಯಿತು. ಮುಕ್ಕಾಲು ಗಂಟೆಯಲ್ಲಿ ಯಂತ್ರ ಮತ್ತೆ ಸಾಲಿಗಿಳಿಯಿತು.

ಎರಡನೆಯ ತೀರ್ಮಾನಕ್ಕೆ ಯಜಮಾನರು ಸಿಟ್ಟಾದರು. ಪ್ರತಿ ಪಟ್ಟಿಯ ಎರಡೂ ತುದಿಗೆ ಹದಿನೈದು ಅಡಿ ಮೆಕ್ಕೆಜೋಳ ಬಿತ್ತದೆ, ಅಲ್ಲಿ ಹುಲ್ಲು ಹಾಕುತ್ತೇನೆ ಎಂದರು ಅಂದಾಜಕ್ಕ. ಕೊಯ್ಲಿಗೆ ವಾರ ಮೊದಲು ಆ ಹುಲ್ಲನ್ನು ಕುಡುಗೋಲಿನಿಂದ ಕೊಯ್ದರೆ ಟ್ರ್ಯಾಕ್ಟರ್ ತಿರುಗಲು ಬಯಲು ಸಿಗುತ್ತದೆ.

"ಬಿತ್ತೋ ನೆಲಾನ ಬಿಟ್ಟಿ ಬಿಡು ಅಂತೀಯಲ್ಲಮ್ಮ!"

"ಬಿಟ್ಟಿ ಅಲ್ಲ ಯಜಮಾನ್ರೇ. ಯಂತ್ರ ಮಗ್ಗುಲು ಬದಲ್ಸೋಕೆ ಜಾಗ ಬೇಡ್ವಾ? ನಮಗಾದ್ರೆ ಹಾಸಿಗೇಲಿ ಬೇಕು, ಅದಕ್ಕೆ ಬೇಡ್ವಾ?"

ಒಂದು ಬೆಳೆಗೆ ನೋಡೋಣ ಎಂದು ಯಜಮಾನರು ಒಪ್ಪಿದರು. ಸಾಲಿಗೊಂದು ತಿರುವು, ಐನೂರು ತಿರುವು. ಆದರೆ ಒಂದೊಂದಕ್ಕೂ ಅರ್ಧ ನಿಮಿಷ. ಮೂರು ದಿನ ಎಂದಿದ್ದರು, ಮೂರೇ ದಿನಕ್ಕೆ ಮುಗಿಯಿತು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ, ಕೊನೆಯ ಮೂರು ಟ್ರೇಲರು ಹೊಲದಲ್ಲಿದ್ದಾಗ ಮಳೆ ಬಿತ್ತು. ಅರ್ಧ ಗಂಟೆಯ ಮಳೆ. ಅಂದಾಜಕ್ಕ ಒಂದು ಹಿಡಿ ಮೇವು ಹಿಂಡಿ ನೋಡಿದರು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು. ಅಷ್ಟು ನೀರಿದ್ದರೆ ರಸಮೇವು ಹುಳಿಯುವ ಬದಲು ಕೊಳೆಯಬಹುದು, ಕೊಳೆತದ್ದು ಪಕ್ಕದ್ದನ್ನೂ ಎಳೆದುಕೊಳ್ಳಬಹುದು. ಹೊರಗೆ ಚೆಲ್ಲಿಬಿಡು ಎಂದರು ಯಜಮಾನರು. ಆ ಮೂರು ಲೋಡು ಎಂದರೆ ಆರು ದಿನದ ಅನ್ನ. ಅಂದಾಜಕ್ಕ ಒಣಹುಲ್ಲು ತರಿಸಿ, ಒಂದು ಪದರ ಇದು ಒಂದು ಪದರ ಅದು ಎಂದು ಹಾಕಿ, ಅದನ್ನೂ ಗುಂಡಿಗೇ ತುಂಬಿಸಿದರು. ಕತ್ತಲಾಗುವ ಮುಂಚೆ ಹಾಳೆ ಹೊದಿಸಿದರು.

ಒದ್ದೆ ಮೇವು ಇರುವುದು ಗುಂಡಿಯ ಬಾಯಿಯಲ್ಲೇ. ಇವತ್ತು ತೆರೆಯುವುದೂ ಆ ತುದಿಯನ್ನೇ.

"ನಲವತ್ತೈದು ದಿನದಿಂದ ಅನ್ನ ಗಂಟಲಲ್ಲಿ ಇಳೀತಾ ಇಲ್ಲ. ಕೈಮುಗಿದು ಕೂತ್ರೂ ದೇವ್ರ ಮುಖ ಕಾಣಲ್ಲ, ಈ ಕರೀ ಹಾಳೇನೇ ಕಾಣುತ್ತೆ. ಅವ್ನೂ ಬೇಜಾರು ಮಾಡ್ಕೊಂಡಿರ್ತಾನೆ." ಹಾಗೆಂದು ಅವರು ಮೇಲಕ್ಕೆ ನೋಡುತ್ತಾರೆ, ಕ್ಷಮೆ ಕೇಳುವವರಂತೆ.

ಆರು ಗಂಟೆಗೆ ಯಜಮಾನರು ಬರುತ್ತಾರೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ಆರಿದ ಕಾಫಿ ಲೋಟ. "ಹೂಂ" ಎನ್ನುತ್ತಾರೆ, ಅಷ್ಟೇ. ಮೈದುನ ಟೈರುಗಳನ್ನು ಒಂದೊಂದಾಗಿ ಉರುಳಿಸುತ್ತಾರೆ. ಇಷ್ಟು ಹೊತ್ತು ಅವರ ಬಾಯಲ್ಲಿದ್ದ ತಮಾಷೆ ಈಗಿಲ್ಲ. ಹಾಳೆ ಮಡಚಿಕೊಳ್ಳುತ್ತದೆ.

ಮೇವಿನ ಮೇಲ್ಪದರ ಕಪ್ಪು. ಅಂದಾಜಕ್ಕನ ಮುಖವೂ ಅದೇ ಬಣ್ಣಕ್ಕೆ ತಿರುಗುತ್ತದೆ. ಅವರು ಬಾಗಿ, ಕೈಯಿಂದಲೇ ಕೆರೆಯುತ್ತಾರೆ. ನಾಲ್ಕು ಬೆರಳು ದಪ್ಪ ಕಪ್ಪು. ಐದು. ಆರು. ಆಮೇಲೆ ಕಂದು. ಆಮೇಲೆ, ಮಾಗಿದ ಬಾಳೆಹಣ್ಣಿನ ಸಿಪ್ಪೆಗೂ ಒಣಗಿದ ಎಲೆಗೂ ನಡುವಿನ ಒಂದು ಹಳದಿ ಹಸಿರು. ಮೊಣಕೈವರೆಗೆ ತೋಳು ತೂರಿಸುತ್ತಾರೆ, ಕಣ್ಣು ಮುಚ್ಚುತ್ತಾರೆ. ಒಳಗಿನಿಂದ ತೆಗೆದ ಹಿಡಿಯನ್ನು ಮೂಗಿಗೆ ಹಿಡಿಯುತ್ತಾರೆ. ಹುಳಿ ಮಜ್ಜಿಗೆಯ ವಾಸನೆ, ಅದರ ಹಿಂದೆ ಹಣ್ಣಿನದೊಂದು ಸಿಹಿ. ಹಿಂಡಿ ಬೆರಳು ಬಿಚ್ಚಿದರೆ ಉಂಡೆ ನಿಧಾನವಾಗಿ ಬಿರಿದುಕೊಳ್ಳುತ್ತದೆ. ನೀರಿಲ್ಲ.

"ತಣ್ಣಗಿದೆ," ಎನ್ನುತ್ತಾರೆ.

ಯಜಮಾನರಿಗೆ ಅಷ್ಟು ಸಾಲದು. "ನಿನ್ನ ಮೂಗು ಬೇಡ. ತಿನ್ನೋರ ಮೂಗು ನೋಡೋಣ." ಒಂದು ಬುಟ್ಟಿ ಮೇವು ಕೊಟ್ಟಿಗೆಗೆ ಹೋಗುತ್ತದೆ. ಅಂದಾಜಕ್ಕ ಅದನ್ನು ಒಯ್ದು ಇಡುವುದು ಚುಕ್ಕಿಯ ಮುಂದೆ. ಚುಕ್ಕಿ ಮೂಸುತ್ತದೆ. ಮೂಗಿನಿಂದ ಬುಸ್ಸೆಂದು ಗಾಳಿ ಬಿಟ್ಟು ಕತ್ತು ಹಿಂದಕ್ಕೆಳೆಯುತ್ತದೆ. ಸರಪಳಿಯೊಂದು ಎಲ್ಲೋ ಕಿಣಿಕಿಣಿ ಎನ್ನುತ್ತದೆ. ಅಂದಾಜಕ್ಕನ ತುಟಿ ಅಲುಗುತ್ತದೆ, ಅದು ಪ್ರಾರ್ಥನೆಯೋ ಹಸುವಿಗೆ ಹೇಳುವ ಮಾತೋ ತಿಳಿಯುವುದಿಲ್ಲ. ಆಮೇಲೆ ಚುಕ್ಕಿ ನಾಲಿಗೆ ಚಾಚಿ ಒಂದು ಎಸಳು ಎಳೆದುಕೊಳ್ಳುತ್ತದೆ. ಇನ್ನೊಂದು. ಆಮೇಲೆ ಬುಟ್ಟಿಗೇ ಮುಖ ಹಾಕುತ್ತದೆ. ಪಕ್ಕದ ಹಸು ಹಗ್ಗ ಜಗ್ಗಿ ಅರಚತೊಡಗುತ್ತದೆ, ತನಗೆಲ್ಲಿ ಎಂದು.

"ಇದು ಬರೀ ಬಾಯಿ," ಎನ್ನುತ್ತಾರೆ ಅಂದಾಜಕ್ಕ, ಯಾರೂ ಕೇಳದಿದ್ದರೂ. "ಇನ್ನೂ ಅರವತ್ತಡಿ ಒಳಗಿದೆ. ದಿನಾ ಅರ್ಧ ಅಡಿ. ದಿನಾ ನೋಡ್ಬೇಕು."

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಚೆಲ್ಲಿದ ಮೇವನ್ನು ಬುಟ್ಟಿಗೆ ಬಾಚುತ್ತಾರೆ. "ಒಂದು ವರ್ಷನಾದ್ರೂ ಹಾಳೆ ಎತ್ತೋವಾಗ ಎದೆ ಹೊಡ್ಕೋಬಾರ್ದು."

"ಎದೆ ಹೊಡ್ಕೊಳ್ಳೋದು ನಿಂತ್ರೆ ನಿಮ್ಮನ್ನೇ ಗುಂಡಿಗೆ ಹಾಕಿ ಹಾಳೆ ಹೊದಿಸ್ಬೇಕಾಗುತ್ತೆ ಅತ್ತಿಗೆ," ಎನ್ನುತ್ತಾರೆ ಮೈದುನ. ಬೀಡಿಯನ್ನು ಈಗ ಹಚ್ಚಿದ್ದಾರೆ.

ಯಜಮಾನರು ಕಾಫಿ ಲೋಟವನ್ನು ಗೋಡೆಯ ಮೇಲಿಟ್ಟು ಮನೆಯತ್ತ ಹೊರಡುತ್ತಾರೆ. ನಾಲ್ಕು ಹೆಜ್ಜೆ ಹೋಗಿ ನಿಲ್ಲುತ್ತಾರೆ. ತಿರುಗುವುದಿಲ್ಲ.

"ಮುಂದಿನ ಬಿತ್ತನೆಗೆ ಬೀಜ ಎಷ್ಟು ಬೇಕು ಅಂತ ಹೇಳಮ್ಮ. ತರಿಸ್ಬೇಕು."

ಅಂದಾಜಕ್ಕ ಮೇವು ಮೆತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದಾರೆ. "ತಿರುವಿನ ಜಾಗ ಬಿಟ್ಟು ಹೇಳ್ಲಾ, ಸೇರಿಸಿ ಹೇಳ್ಲಾ?"

"ಬಿಟ್ಟೇ ಹೇಳು."