ಖರೇನೋ, ನಖರಾನೋ

ನಾನು ಕಾಲು ಮುಂದಾಗಿ ಹುಟ್ಟಿದವನು. ತಲೆ ಬರಬೇಕಾದ ಕಡೆ ಮೊದಲು ನನ್ನ ಬಲಗಾಲು ಬಂತೆಂದು ಅವ್ವ ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಹೆಮ್ಮೆಯಿಂದೇನಲ್ಲ, ನನ್ನಿಂದ ಪಟ್ಟ ಸಂಕಟವನ್ನು ಯಾರ ಮುಂದಾದರೂ ಆಡದಿದ್ದರೆ ಅವಳಿಗೆ ಸಮಾಧಾನವಿರಲಿಲ್ಲ. ಅದರ ಫಲ ಉಂಡವನು ನಾನು. ನಮ್ಮ ಶಹಾಬಾದಿನ ಕಡೆ ನಡ ಹಿಡಿದವರಿಗೆ, ಅಂದರೆ ಸೊಂಟದಲ್ಲಿ ಚಳಕು ಬಂದು ಬಗ್ಗಿದ್ದು ಬಗ್ಗಿದಂತೆಯೇ ಉಳಿದುಬಿಟ್ಟವರಿಗೆ, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಬಿಡುತ್ತದೆ ಎಂಬ ನಂಬಿಕೆ. ಒದೆ ಎಂದರೆ ಜೋರಾಗಿ ಅಲ್ಲ, ಪಾದ ತಾಗಿಸಿದರೆ ಸಾಕು. ಆದರೆ ಮೊದಲು ಹೊರಗೆ ಬಂದ ಕಾಲೇ ಆಗಬೇಕು. ಎಡಗಾಲು ತಾಗಿಸಿದರೆ ಹಿಡಿದದ್ದು ಇನ್ನಷ್ಟು ಬಿಗಿಯುತ್ತದಂತೆ.

ಹೀಗಾಗಿ ಬೆಳಿಗ್ಗೆ ನಾನು ಹಲ್ಲುಜ್ಜುವ ಹೊತ್ತಿಗೆ ನಮ್ಮ ಮನೆಯ ಕಟ್ಟೆಯ ಮೇಲೆ ಯಾರಾದರೊಬ್ಬರು ಬೋರಲು ಬಿದ್ದಿರುತ್ತಿದ್ದರು. ಫರಸಿ ಖಣಿಯಲ್ಲಿ ಹಾಸುಗಲ್ಲು ಎತ್ತುವವರು, ಭಂಕೂರಿನ ರೈತರು, ಒಮ್ಮೆ ನನ್ನನ್ನು ಗಣಿತದಲ್ಲಿ ಫೇಲು ಮಾಡಿದ ಮಾಸ್ತರರು. ಆ ಮಾಸ್ತರರಿಗೆ ಮಾತ್ರ ಸ್ವಲ್ಪ ಮನಸ್ಸಿಟ್ಟು ಒದ್ದೆ. ಅದೇ ಕಾಲು ಸಂಜೆ ಮೈದಾನದಲ್ಲಿ ಗೋಲು ಹೊಡೆಯುತ್ತಿತ್ತು. ಊರಿನ ಫುಟ್‌ಬಾಲ್ ಕ್ಲಬ್ಬಿಗೆ ನಾನು ಮುಂದಿನ ಸಾಲಿನ ಆಟಗಾರ. ಚೆಂದ ಆಡುತ್ತಿದ್ದೆ. ಹೀಗೆ ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಯಾಕೆಂದರೆ ಇವತ್ತು ಊರಲ್ಲಿ ಇನ್ನಾರೂ ಹೇಳುವುದಿಲ್ಲ.

ಮೈದಾನದ ಪಕ್ಕ ಚಹದ ಹೋಟೆಲ್ಲು, ಅದರ ಮುಂದೆ ಫರಸಿ ಹಾಸಿದ ಉದ್ದನೆಯ ಕಟ್ಟೆ. ಕ್ಲಬ್ಬಿನ ಅಭಿಮಾನಿಗಳೆಲ್ಲ ಅಲ್ಲೇ. ಆಟ ಅವರಿಗೆ ನೆಪ. ಅವರಿಗೆ ನಿಜವಾಗಿ ರುಚಿಸುವುದು ಆಟಗಾರರ ಗಾಯ. ಯಾವನ ಹಿಮ್ಮಡಿ ಉಬ್ಬಿದೆ, ಯಾವನ ತೊಡೆ ಹಿಡಿದಿದೆ, ಯಾವನು ಆಟ ತಪ್ಪಿಸಿ ಮಾವನ ಮನೆಗೆ ಹೋಗಲು ಕುಂಟುತ್ತಿದ್ದಾನೆ, ಇದನ್ನೇ ಮಂಡಕ್ಕಿ ಸುಸಲಾ ತಿನ್ನುತ್ತ, ಮಿರ್ಚಿ ಭಜಿ ಕಡಿಯುತ್ತ ತಾಸುಗಟ್ಟಲೆ ಜಗ್ಗಾಡುತ್ತಿದ್ದರು. ಯುರೋಪಿನ ಆಟಗಾರರನ್ನೂ ಬಿಟ್ಟವರಲ್ಲ. ಮೊಬೈಲಿನಲ್ಲಿ ಅವರು ಬೀಳುವುದನ್ನು ಹಿಂದೆ ಮುಂದೆ ಮಾಡಿ ನೋಡಿ ತೀರ್ಪು ಕೊಡುತ್ತಿದ್ದರು. ತೀರ್ಪು ಎರಡೇ ಬಗೆ. ನೋವು ನಿಜವಾದರೆ ಖರೇ, ಬರೀ ಸೋಗಾದರೆ ನಖರಾ.

ಆ ಕಟ್ಟೆಯ ನ್ಯಾಯಾಧೀಶರು ಫರಸಿ ವ್ಯಾಪಾರದ ಸಾವಕಾರರು. ದೊಡ್ಡ ಹೊಟ್ಟೆ, ದೊಡ್ಡ ದನಿ, ಜೀವನದಲ್ಲಿ ಚೆಂಡಿಗೆ ಕಾಲು ತಾಗಿಸಿದವರಲ್ಲ. ಕ್ಲಬ್ಬಿಗೆ ಅಂಗಿ ಚಡ್ಡಿ ಕೊಡಿಸಿದ್ದರಿಂದ ಅಂಗಿಯೊಳಗಿನ ಮೈಯೂ ತಮ್ಮದೇ ಎಂದು ತಿಳಿದಿದ್ದರು. ಅವರ ಮಾತಿಗೆ ಅಡ್ಡ ಹೇಳುವ ಧೈರ್ಯವಿದ್ದವರು ಒಬ್ಬರೇ, ನಿವೃತ್ತ ಕಾರಕೂನರು. ತೆಳ್ಳಗಿನ ಮನುಷ್ಯ, ದಪ್ಪ ಚಷ್ಮಾ. ಸಾವಕಾರರು ಹೌದೆಂದರೆ ಇವರು ಅಲ್ಲ ಎನ್ನಲೇಬೇಕು.

ಇನ್ನು ಕ್ಲಬ್ಬಿನ ಫಿಟ್‌ನೆಸ್ ಮಾಸ್ತರ. ಜಿಮ್ ಇಟ್ಟು ಮುಚ್ಚಿದವನು. ಅವನ ಹತ್ತಿರ ನೋವಿಗೆ ಹೊಡೆಯುವ ಒಂದು ಸ್ಪ್ರೇ ಇತ್ತು, ಮೊಣಕಾಲಿಗೂ ಅದೇ, ತಲೆನೋವಿಗೂ ಅದೇ. ಒಬ್ಬನಿಗೆ ಹೊಟ್ಟೆ ಕೆಟ್ಟಾಗಲೂ ಹೊಕ್ಕಳ ಸುತ್ತ ಫುಸ್ ಫುಸ್ ಎನಿಸಿದ್ದ. ಬರ್ಫ ಇಡಬೇಕಾದಾಗ ತಳ್ಳುಗಾಡಿಯಿಂದ ಐಸ್ ಕ್ಯಾಂಡಿ ತರಿಸಿ ಉಬ್ಬಿದ ಜಾಗಕ್ಕೆ ಒತ್ತುತ್ತಿದ್ದ. ಆಮೇಲೆ ಆ ಕ್ಯಾಂಡಿಯನ್ನು ತಾನೇ ಚೀಪುತ್ತಿದ್ದ.

ಆ ಬಲಗಾಲಿನ ಮೊಣಕಾಲೇ ಕೈಕೊಟ್ಟದ್ದು ಅಭ್ಯಾಸದ ವೇಳೆ. ಚೆಂಡು ತಿರುಗಿಸಲು ಹೋದೆ, ಮೈ ತಿರುಗಿತು, ಕಾಲು ಅಲ್ಲೇ ಉಳಿಯಿತು. ಒಳಗೆ ಏನೋ ಹರಿದ ಸದ್ದು ನನಗೇ ಕೇಳಿಸಿತು. ಮಾಸ್ತರ ಓಡಿ ಬಂದು ಹಿಚುಕಿ ನೋಡಿ, "ಏನಿಲ್ಲೋ, ನರದ ಮ್ಯಾಲ ನರ ಏರ್ಯದ," ಎಂದು ಫುಸ್ ಎನಿಸಿದ. ಮರುದಿನ ಅಣ್ಣನ ಗಾಡಿಯಲ್ಲಿ ಕಲಬುರಗಿಗೆ ಹೋದೆ. ಡಾಕ್ಟರು ಸ್ಕ್ಯಾನ್ ಮಾಡಿಸಿ, ಲಿಗಮೆಂಟ್ ಅರ್ಧ ಹರಿದಿದೆ, ಈಗ ಸುಮ್ಮನಿದ್ದರೆ ಉಳಿಯುತ್ತದೆ, ಆಡಿದರೆ ಪೂರ್ತಿ ಹೋಗುತ್ತದೆ ಎಂದರು.

ಈ ಸುದ್ದಿ ನನಗಿಂತ ಮೊದಲು ಕಟ್ಟೆ ಮುಟ್ಟಿತ್ತು. ನಾನು ಗೋಡೆ ಹಿಡಿದುಕೊಂಡು ಬಂದು ಕುಳಿತರೆ, ನಾನಲ್ಲಿ ಇಲ್ಲವೇ ಇಲ್ಲವೆಂಬಂತೆ ನನ್ನ ಕಾಲಿನ ಚರ್ಚೆ ನಡೆದಿತ್ತು.

"ಲಿಗಮೆಂಟ್ ಅಂದ್ರ ಮತ್ತೇನ್ರಿ, ನರಾನೇ," ಎಂದ ಮಾಸ್ತರ. "ಡಾಕ್ಟರ್ ಇಂಗ್ಲಿಷಿನ್ಯಾಗ ಅಂದಾನ, ನಾ ಕನ್ನಡದಾಗ ಅಂದೀನಿ. ಏರಿದ ನರ ಇಳಸಬೇಕಂದ್ರ ಓಡಬೇಕು."

"ಹರದದ ಅಂತ ಹೇಳ್ಯಾರಂತಲ್ರಿ," ಎಂದರು ಕಾರಕೂನರು. "ಏರೂದು ಬ್ಯಾರೆ, ಹರಿಯೂದು ಬ್ಯಾರೆ."

ಸಾವಕಾರರು ಬಸಿಯಲ್ಲಿದ್ದ ಚಹ ಸೊರ್ರೆಂದು ಹೀರಿ ಮುಗಿಸಿ ಬಾಯಿ ಒರೆಸಿಕೊಂಡರು. "ಕಾರಕೂನರ, ಒಂದು ಮಾತ್ ಹೇಳ್ರಿ. ಊರ ಮಂದಿ ನಡ ರಿಪೇರಿ ಮಾಡೋ ಕಾಲದು. ಹೋದ ವಾರ ನಮ್ಮ ಡ್ರೈವರನ ಚಳಕು ಬಿಡಿಸ್ಯಾನ. ಮಂದಿಗೆ ವಾಸಿ ಮಾಡೋ ಕಾಲಿಗೆ ಬ್ಯಾನಿ ಎಲ್ಲಿಂದ ಬರ್ತದ? ನಖರಾ! ಮುಂದ ನೌಕರಿ ಟ್ರಯಲ್ ಅದ ನೋಡ್ರಿ, ಅದಕ್ಕ ಕಾಲು ಜ್ವಾಪಾನ ಮಾಡಾಕತ್ಯಾನ."

ಕಟ್ಟೆಯೆಲ್ಲ ಹೌದೌದು ಎಂದಿತು. ನನಗೆ ನಗು ಬಂತು, ಅಷ್ಟು ಮೂರ್ಖ ಮಾತದು. ಆದರೆ ನಕ್ಕದ್ದು ನಾನೊಬ್ಬನೇ. ಉಳಿದವರ ಮುಖದಲ್ಲಿ ನಗೆಯ ಸುಳಿವೇ ಇರಲಿಲ್ಲ. ಮಾಸ್ತರನೂ ಹೌದೆಂದು ತಲೆ ಆಡಿಸುತ್ತಿದ್ದ.

ಟ್ರಯಲ್ ಎಂದದ್ದು ಒಂದು ದೊಡ್ಡ ಇಲಾಖೆಯ ತಂಡದ ಆಯ್ಕೆ. ಆರಿಸಿಕೊಂಡರೆ ಪಕ್ಕಾ ನೌಕರಿ. ಡಾಕ್ಟರು ಹೇಳಿದಂತೆ ಸುಮ್ಮನಿದ್ದರೆ ಅಷ್ಟೊತ್ತಿಗೆ ಕಾಲು ಸರಿಹೋಗುತ್ತಿತ್ತು. ಅದಕ್ಕೆ ಮುಂಚೆ ವಾಡಿ ಊರಿನ ತಂಡದ ಜೊತೆ ನಮ್ಮದೊಂದು ಫೈನಲ್ ಇತ್ತು. ಮಾಸ್ತರ ಮನೆಗೇ ಬಂದು ಹೇಳಿದ: "ಫೈನಲ್ ಆಡದಾಂವಗ ಕ್ಲಬ್ಬಿನಿಂದ ಟ್ರಯಲ್‌ಗ ಕಳಸಾಂಗಿಲ್ಲ. ಸಾವಕಾರ್ರ ಮಾತು."

ಅವ್ವ ಒಳಗಿನಿಂದ ಬಂದು ಸೆರಗು ಬಿಗಿದು ನಿಂತಳು. "ನಿನ್ನ ಸಾವಕಾರಗ ಹೇಳೋಗು, ಆ ಕಾಲು ನಾ ಹಡದದ್ದು. ಅಂವ ಹಡದದ್ದಲ್ಲ."

ಮಾಸ್ತರ ನಗುತ್ತ ಸ್ಪ್ರೇ ಡಬ್ಬಿ ಅಲ್ಲಾಡಿಸಿದ.

ಆಡಿದೆ. ಮಂಡಿಗೆ ಪಟ್ಟಿ ಸುತ್ತಿ, ಅದರ ಮೇಲೆ ಫುಸ್ ಎನಿಸಿ ನನ್ನನ್ನು ಒಳಗೆ ನೂಕಿದರು. ಬಹಳ ಹೊತ್ತೇನೂ ಹಿಡಿಯಲಿಲ್ಲ. ವಾಡಿಯವನೊಬ್ಬ ನನ್ನನ್ನು ಮುಟ್ಟಲೂ ಇಲ್ಲ, ನಾನೇ ತಿರುಗಿದೆ, ಕಾಲು ಒಳಮುಖವಾಗಿ ಮಡಚಿತು, ಬಿದ್ದೆ. ಫರಸಿ ಪುಡಿಯ ಬಿಳಿ ಧೂಳು ಬಾಯಿಗೆ ಹೋಯಿತು. ಕಿರುಚಿದ್ದು ನೆನಪಿದೆ. ಅದಕ್ಕಿಂತ ಹೆಚ್ಚು ನೆನಪಿರುವುದು ಕಟ್ಟೆಯ ಕೂಗು. "ಏಳಲೇ ನಖರಾ! ಮುಟ್ಟೇ ಇಲ್ಲ ಅಂವ! ಏಳು, ಏಳು!" ತಮ್ಮವನೇ ಬಿದ್ದಿದ್ದಾನೆ, ತಮ್ಮ ಅಂಗಿಯನ್ನೇ ತೊಟ್ಟಿದ್ದಾನೆ ಎಂಬುದು ಒಬ್ಬನಿಗೂ ಹೊಳೆಯಲಿಲ್ಲ. ವಾಡಿಯವರೇ ನನ್ನನ್ನು ಎತ್ತಿ ಹೊರಗೆ ತಂದರು. ಮಾಸ್ತರ ಐಸ್ ಕ್ಯಾಂಡಿ ಒತ್ತಿದ, ಕಿತ್ತಳೆ ಬಣ್ಣದ್ದು. ನೋವಿಗಿಂತ ಆ ಅಂಟು ನೀರು ಕಾಲ್ಚೀಲಕ್ಕೆ ಇಳಿದದ್ದಕ್ಕೆ ನನಗೆ ಅಳು ಬಂತು.

ನೌಕರಿ ಹೋಯಿತು. ಆಪರೇಶನ್ ಮಾಡಿಸಿದರೂ ಕಾಲು ಮೊದಲಿನಂತಾಗಲಿಲ್ಲ. ಮಂಡಿ ಪೂರ್ತಿ ಮಡಚುವುದಿಲ್ಲ, ಮೆಟ್ಟಿಲು ಹತ್ತಿದರೆ ರಾತ್ರಿಯೆಲ್ಲ ಸೆಳೆಯುತ್ತದೆ. ಹೋಟೆಲ್ಲಿನ ಪಕ್ಕದಲ್ಲೇ ಒಂದು ಝೆರಾಕ್ಸ್ ಅಂಗಡಿ ಹಾಕಿಕೊಂಡೆ. ಕುಳಿತು ಮಾಡುವ ಕೆಲಸ ಬೇರೆ ಸಿಗಲಿಲ್ಲ. ಬೆನ್ನಿಗೆ ಒದೆಯುವುದನ್ನೂ ಬಿಟ್ಟೆ. ಯಾರಾದರೂ ಬಂದರೆ, "ಈ ಕಾಲು ತೀರಿಕೊಂಡದ," ಎಂದು ಹೇಳಿ ಕಳಿಸುತ್ತಿದ್ದೆ.

ಕಟ್ಟೆ ಮಾತ್ರ ನನ್ನನ್ನು ಬಿಡಲಿಲ್ಲ. ನಾನು ಬಿದ್ದದ್ದು ಯಾವನದೋ ಮೊಬೈಲಿನಲ್ಲಿತ್ತು. ಯಾರಿಗೆ ಗಾಯವಾದರೂ ಉದಾಹರಣೆಗೆ ನನ್ನ ವಿಡಿಯೊ ಹೊರಬರುತ್ತಿತ್ತು. "ನೋಡು, ಬೀಳೂಕಿಂತ ಮದ್ಲೇ ಮಾರಿ ಹ್ಯಾಂಗ ಕಿವುಚ್ಯಾನ," ಎಂದು ಸಾವಕಾರರು ಬೆರಳಿಟ್ಟು ತೋರಿಸುವರು. ಕಾರಕೂನರು ಚಷ್ಮಾ ಏರಿಸಿ, "ಇಲ್ರಿ, ಖರೇ ಅದ. ಕಾಲು ಹ್ಯಾಂಗ ಒಳಗ ಹೋಗ್ಯದ ನೋಡ್ರಿ," ಎನ್ನುವರು. ನನ್ನ ಅಂಗಡಿಗೂ ಕಟ್ಟೆಗೂ ನಡುವೆ ಒಂದು ತಗಡಿನ ಗೋಡೆ. ಯಾರದೋ ಆಧಾರ್ ಕಾರ್ಡಿನ ನಕಲು ತೆಗೆಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಕಾಲು ಹೋದದ್ದು ನುಂಗಿಕೊಂಡೆ, ನೌಕರಿ ಹೋದದ್ದೂ ನುಂಗಿಕೊಂಡೆ. ಸುಳ್ಳುಗಾರನೆನಿಸಿಕೊಂಡದ್ದು ಮಾತ್ರ ಗಂಟಲಲ್ಲೇ ನಿಂತಿತ್ತು. ಸಾವಕಾರರ ಬಾಯಿಂದ ಒಂದು ಸಲ ಖರೇ ಎಂಬ ಮಾತು ಬಂದರೆ ಸಾಕಿತ್ತು. ಕಾರಕೂನರು ನನ್ನ ಕಡೆ ಇದ್ದಾರಲ್ಲ ಎಂಬುದೊಂದೇ ಅಲ್ಲಿಯತನಕ ನನ್ನ ಜೀವ ಹಿಡಿದದ್ದು. ಅವರು ಮೊಂಡುತನಕ್ಕೆ ಹೇಳುತ್ತಿದ್ದರೋ ಏನೋ, ನಾನು ಕೇಳಲು ಹೋಗಲಿಲ್ಲ.

ಈಚೆಗೆ ಒಂದು ಐತವಾರ ನಮ್ಮ ಹೊಸ ಆಟಗಾರನೊಬ್ಬ ಚಿತ್ತಾಪುರದ ಮ್ಯಾಚಿನಲ್ಲಿ ತೊಡೆ ಹಿಡಿದುಕೊಂಡು ಕುಳಿತುಬಿಟ್ಟ. ಮರುದಿನ ಕಟ್ಟೆ ತುಂಬಿ ಹೋಗಿತ್ತು. ಅವನು ಹೇಗೆ ಬಿದ್ದ ಎಂದು ತೋರಿಸಲು ಸಾವಕಾರರು ಎದ್ದು ನಿಂತರು. "ಇವರೆಲ್ಲಾ ಆ ಝೆರಾಕ್ಸಿನವನ ಶಿಷ್ಯರು. ಹಿಂಗ ತಿರಗತಾರ, ಹಿಂಗ ಮಾರಿ ಕಿವುಚತಾರ, ಹಿಂಗ..." ಎಂದು ಮೈ ತಿರುವಿದರು. ಅಲ್ಲಿಗೇ ಮಾತು ನಿಂತಿತು.

"ಅಯ್ಯಯ್ಯೋ," ಎಂಬ ಸಣ್ಣ ದನಿ ಬಂತು. ಬಾಗಿಲಿಗೆ ಬಂದು ನೋಡಿದೆ. ಸಾವಕಾರರು ಒಂದು ಕೈ ಗಾಳಿಯಲ್ಲಿ, ಒಂದು ಕೈ ಸೊಂಟದಲ್ಲಿ, ನೆಲ ನೋಡುತ್ತ ನಿಂತಿದ್ದರು. ನಡ ಹಿಡಿದಿತ್ತು.

"ಛಲೋ ನಖರಾ ಮಾಡ್ತೀರಿ ಸಾವಕಾರ್ರ," ಎಂದು ಯಾರೋ ಚಪ್ಪಾಳೆ ತಟ್ಟಿದರು.

"ನಖರಾ ಅಲ್ಲಲೇ, ಖರೇ!" ಎಂದರು ಸಾವಕಾರರು ನೆಲಕ್ಕೆ. ಎಂಥ ಸಂತೋಷವಾಯಿತು ನನಗೆ! ಇಷ್ಟು ವರ್ಷದಲ್ಲಿ ಅಷ್ಟು ತಂಪು ಹೊಟ್ಟೆಗೆ ಇಳಿದಿರಲಿಲ್ಲ. ಮಾಸ್ತರ ಅಂಗಿ ಎತ್ತಿ ಫುಸ್ ಫುಸ್ ಎನಿಸಿದ. ಸಾವಕಾರರು ಇನ್ನೂ ಒಂದು ಗೇಣು ಬಗ್ಗಿದರು, ಅಷ್ಟೆ. ಆಗ ಎಲ್ಲರ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು.

"ತಮ್ಮಾ, ಬಾರೋ," ಎಂದರು ಸಾವಕಾರರು. ಅಷ್ಟು ಮೆತ್ತಗೆ ಅವರು ನನ್ನನ್ನು ಕರೆದದ್ದೇ ಇಲ್ಲ.

"ನಂದು ನಖರಾ ಕಾಲ್ರಿ. ಅದರಿಂದೇನ್ ಆಗ್ತದ?"

"ಬಾರೋ ಮಾರಾಯಾ, ಜೀವ ಹೋಗಾಕತ್ತದ."

"ಒಂದ ಮಾತ್ ಹೇಳ್ರಿ, ಒದೀತೀನಿ. ಅವತ್ತ ಇವನ ಕಾಲು ಖರೇ ಮುರದಿತ್ತು ಅಂತ ಈ ಮಂದಿ ಎದುರಿಗಿ ಹೇಳ್ರಿ."

"ಹೇಳ್ತೀನಿ, ಹೇಳ್ತೀನಿ. ಮದ್ಲ ಒದಿ. ಬಗ್ಗಿಕೊಂಡು ಹ್ಯಾಂಗ ಹೇಳ್ಲಿ?"

ಬಲಗಾಲು ಮೇಲೇಳುವುದಿಲ್ಲ, ಎಡಗಾಲು ತಾಗಿಸುತ್ತೇನೆ ಎಂದೆ. "ಎಡಗಾಲು ಬ್ಯಾಡೋ!" ಎಂದು ಸಾವಕಾರರೊಬ್ಬರೇ ಅಲ್ಲ, ಇಡೀ ಕಟ್ಟೆ ಕೂಗಿಕೊಂಡಿತು. ಕಾರಕೂನರೂ, "ಮದ್ಲ ಬಂದಿದ್ದೇ ಆಗ್ಬೇಕಪಾ," ಎಂದರು.

ಹೋಟೆಲ್ಲಿನ ತಗಡಿನ ಚಾವಣಿಯ ಕಂಬವನ್ನು ಎರಡೂ ಕೈಯಿಂದ ಹಿಡಿದೆ. ಪಾದ ತಾಗಿಸಿದರೆ ಸಾಕಿತ್ತು. ಆದರೆ ಎದುರಿಗೆ ಅಷ್ಟಗಲ ಬೆನ್ನು, ಇಷ್ಟು ವರ್ಷ ನನ್ನನ್ನು ನಖರಾ ಎಂದವರ ಬೆನ್ನು. ಹಲ್ಲು ಕಚ್ಚಿ, ಸೊಂಟದಿಂದಲೇ ಬೀಸಿ ಒದ್ದೆ. ಸಾವಕಾರರು ಮುಂದಕ್ಕೆ ಮುಗ್ಗರಿಸಿ ಮಾಸ್ತರನ ಮೈಮೇಲೆ ಬಿದ್ದರು. ನನ್ನ ಮಂಡಿಯೊಳಗೆ ಹಳೆಯ ಸದ್ದೇ ಮತ್ತೆ ಬಂತು. ಕಣ್ಣು ಕತ್ತಲೆಯಾಯಿತು.

ಕಣ್ಣು ತಿಳಿಯಾದಾಗ ಸಾವಕಾರರು ನೆಟ್ಟಗೆ ನಿಂತಿದ್ದರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. "ಅಹಾಹಾ, ಬಿಡ್ತು ನೋಡ್ರಿ!" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಈಗ ಹೇಳುತ್ತಾರೆ ಎಂದು ಉಸಿರು ಹಿಡಿದು ನಿಂತೆ.

"ನೋಡಿದ್ರೇನು ಎಲ್ಲಾರು?" ಎಂದರು. ಹಳೆಯ ದೊಡ್ಡ ದನಿ ವಾಪಸು ಬಂದಿತ್ತು. "ಕತ್ತೆ ಒದ್ದಂಗ ಒದ್ದಾನ! ಇದು ಮುರದ ಕಾಲೇನು? ಎಲುಬು ಪುಡಿ ಆಗೋಹಂಗ ಒದೆಯೋ ಕಾಲಿಗೆ ಏನಾಗ್ಯದ? ನಾ ಅವತ್ತೇ ಹೇಳಿದ್ದೆ. ನಖರಾ!"

ಕಟ್ಟೆ ಹೋ ಎಂದಿತು. ನಾನು ಕಾರಕೂನರ ಮುಖ ನೋಡಿದೆ. ಅವರು ಚಷ್ಮಾ ತೆಗೆದು ಅಂಗಿಯ ತುದಿಗೆ ಒರೆಸಿ, ಮತ್ತೆ ಹಾಕಿಕೊಂಡು, ನನ್ನ ಕಾಲನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

"ಹೌದ್ ಬಿಡ್ರಿ," ಎಂದರು. "ಇಷ್ಟ ದಿನ ನನ್ನೂ ಮಂಗ್ಯಾನ ಮಾಡಿಬಿಟ್ಟ."

ನಾನಿನ್ನೂ ಕಂಬಕ್ಕೆ ಜೋತುಬಿದ್ದಿದ್ದೆ. ಬಲಗಾಲು ಗಾಳಿಯಲ್ಲಿತ್ತು.

"ಸಾಕ್ ಬಿಡೋ ಇನ್ನ," ಎಂದ ಮಾಸ್ತರ. "ಕಾಲು ಕೆಳಗ ಇಡು."

ಇಡಲು ಆಗುತ್ತಿಲ್ಲ ಎಂದೆ. ಎಲ್ಲರೂ ನಕ್ಕರು.