ನಿನ್ನ ತಾಯಿಯ ಹಾಡನ್ನು ನನ್ನ ತಾಯಿಯದೆಂದೆ

ನಾನು ನೋಡಿದ್ದೆ, ಶೈಲಾ. ನೋಡಿಲ್ಲವೆಂದು ಸುಳ್ಳು ಹೇಳಿದೆ — ನಿನ್ನ ಸಂಶೋಧನೆ ನಿಂತುಹೋದದ್ದು ಆ ಸುಳ್ಳಿನಿಂದ.

ತೆಲುಗರ ನಗರಕ್ಕೆ ಬಂದು, ಕಾಚಿಗೂಡದ ಒಂದೇ ಬಾಡಿಗೆ ಕೋಣೆಯಲ್ಲಿದ್ದು ಇಬ್ಬರೂ ಇಂಗ್ಲಿಷಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆವು. ಸಾವಿರ ವರ್ಷ ಹಳೆಯ ಇಂಗ್ಲಿಷ್ ಕಾವ್ಯಗಳನ್ನು ನೀನು ಗಟ್ಟಿಯಾಗಿ ಓದುತ್ತಿದ್ದೆ. ಒಂದೇ ಅಕ್ಷರದಿಂದ ಶುರುವಾಗುವ ಜೋಡಿ ಪದಗಳು, ಎಲ್ಲೆಂದರಲ್ಲಿ ಮತ್ತೆ ಮತ್ತೆ ಬರುವ 'ಮೋಡಗಳ ಕೆಳಗೆ' ಎಂಬಂಥ ಮಾತುಗಳು — ಈ ಕವಿಗಳಿಗೆ ಬೇರೆ ಮಾತೇ ಸಿಗಲಿಲ್ಲವೇ ಎಂದು ನಾನು ನಕ್ಕಿದ್ದೆ. ನೀನು ನಗಲಿಲ್ಲ.

"ನಮ್ಮವ್ವ ಮದುವಿ ಮನ್ಯಾಗ ನಿಂತಲ್ಲೇ ಹಾಡು ಕಟ್ಟಿ ಹಾಡ್ತಾಳ. ಮುಂದಿನ ಸಾಲು ಹೊಳಿಯೋತನಕ ಇಂಥಾ ರೂಢಿ ಮಾತು ಬಾಯಾಗ ಇರ್ತಾವ. ಇವ್ರೂ ಹಾಡಿದವ್ರೇ ಇರಬೇಕ, ಬರದವ್ರಲ್ಲ."

ಆಮೇಲೆ ತಿಂಗಳುಗಟ್ಟಲೆ ನೀನು ಕಾವ್ಯದಿಂದ ಕಾವ್ಯಕ್ಕೆ ಆ ಮಾತುಗಳನ್ನು ಹುಡುಕಿದೆ, ಹೋಲಿಸಿದೆ. ಅದನ್ನು ನೋಡಿದವಳು ನಾನೊಬ್ಬಳೇ.

ನಮ್ಮ ಗೈಡ್ ನಿನ್ನ ಅಧ್ಯಾಯ ಓದಿ ಕೆಂಡವಾದರು. ಹೊರದೇಶದ ವಿದ್ವಾಂಸರು ಇದನ್ನು ಮೊದಲೇ ಹೇಳಿದ್ದಾರೆ, ನೀನು ಕದ್ದಿದ್ದೀಯ ಎಂದರು. ಆ ಪುಸ್ತಕಗಳನ್ನು ನಾವಿಬ್ಬರೂ ಕಂಡೇ ಇರಲಿಲ್ಲ. ಅವರು ನನ್ನನ್ನು ತಮ್ಮ ಕೋಣೆಗೆ ಕರೆಸಿ ಕೇಳಿದರು — ಅವಳು ತಾನೇ ಇದನ್ನು ಕಂಡುಕೊಂಡದ್ದನ್ನು ನೋಡಿದ್ದೀಯಾ?

"ನೋಡಿಲ್ಲ, ಸರ್."

ಹೆದರಿ ಹಾಗೆಂದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು! ಹೊಟ್ಟೆಕಿಚ್ಚು ಅದು. ನಾನು ನಕ್ಕು ಬಿಟ್ಟದ್ದರಲ್ಲಿ ನಿನಗೇನೋ ಕಂಡಿತ್ತಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಬೀದರಿನ ಹುಡುಗಿಗೆ ಇಂಥದ್ದು ಹೊಳೆಯಲಾರದೆಂದು ತೀರ್ಮಾನಿಸಿದ ಆ ಮನುಷ್ಯನ ಮೇಲೆ ಇವತ್ತಿಗೂ ನನಗೆ ಮೈಯುರಿಯುತ್ತದೆ. ಆದರೆ ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಿನ್ನ ಸೀಟು ಹೋಯಿತು. ನೀನು ಮಾದಾಪುರದ ಕಾಲ್ ಸೆಂಟರ್ ಸೇರಿದೆ. ನಾನು ಲೆಕ್ಚರರ್ ಆದೆ. ಇನ್ನೂ ಹೇಸಿಗೆಯದು ಕೇಳು — ಪ್ರತಿ ವರ್ಷ ಈ ಹಳೆಯ ಕಾವ್ಯಗಳ ಪಾಠ ಬಂದಾಗ, 'ನನ್ನ ತಾಯಿ ಮದುವೆ ಮನೆಯಲ್ಲಿ ಹಾಡು ಕಟ್ಟುತ್ತಿದ್ದಳು' ಎಂದೇ ಶುರುಮಾಡುತ್ತಿದ್ದೆ. ನನ್ನ ತಾಯಿಗೆ ಹಾಡೇ ಬರುತ್ತಿರಲಿಲ್ಲ. ವಿದ್ಯಾರ್ಥಿಗಳು ಮೈಯೆಲ್ಲ ಕಿವಿಯಾಗುತ್ತಿದ್ದರು. ನನಗೆ — ಹೌದು, ಖುಷಿಯೇ ಆಗುತ್ತಿತ್ತು.

ಈ ವರ್ಷ ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದು ಕನ್ನಡದಲ್ಲಿ ಮಾತಾಡಿದಳು. "ಮೇಡಂ, ನಮ್ಮ ಅಜ್ಜೀನೂ ಹಿಂಗೇ ಹಾಡ್ತಿದ್ರಂತ್ರಿ. ನಮ್ಮವ್ವ ಯಾವಾಗ್ಲೂ ಹೇಳ್ತಾರ್ರಿ." ತಾಯಿಯ ಹೆಸರು ಕೇಳಿದೆ. ನಿನ್ನ ಹೆಸರು ಹೇಳಿದಳು.

ಅವಳಿಂದ ವಿಳಾಸ ಪಡೆದು ಆ ಸಂಜೆಯೇ ಕೂಕಟ್‌ಪಲ್ಲಿಗೆ ಬಂದು, ನಿನ್ನ ಫ್ಲ್ಯಾಟಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ನೀನು ಒಳಗೆ ಕರೆಯಲಿಲ್ಲ.

"ನೀ ಸುಳ್ಳು ಹೇಳಿದ್ದು ನನಗ ಗೊತ್ತೈತಿ. ಅವತ್ತ ಗೈಡ್ ಖೋಲಿ ಹೊರಗೇ ನಾ ನಿಂತಿದ್ದೆ. ಈಗ ಮನಸ್ಸು ಹಗುರ ಮಾಡ್ಕೊಳ್ಳಾಕ ಬಂದಿಯೇನು? ನನಗ್ಯಾಕ ಹೇಳಾಕತ್ತಿ? ನಮ್ಮವ್ವನ್ನ ನಿಮ್ಮವ್ವ ಅಂತ ಯಾರ ಮುಂದ ಹೇಳಿದಿ, ಅವರ ಮುಂದ ಹೋಗಿ ಹೇಳು."

ನೀನು ಬಾಗಿಲು ಹಾಕಿಕೊಂಡೆ. ಸರಿಯಾಗಿಯೇ ಮಾಡಿದೆ.

ಮರುದಿನ ತರಗತಿಯಲ್ಲಿ ನಿನ್ನ ಹೆಸರು ಹಿಡಿದು ಹೇಳತೊಡಗಿದೆ. ಅದು ನನ್ನ ತಾಯಿಯ ಹಾಡಲ್ಲ ಎಂದೆ. ಮೊದಲ ಬೆಂಚಿನಲ್ಲಿದ್ದ ನಿನ್ನ ಮಗಳು ಚೀಲ ಎತ್ತಿಕೊಂಡಳು, ನನ್ನ ಮುಂದೆಯೇ ಹಾದು ಹೊರಗೆ ಹೋದಳು. ನಾನು ತಡೆಯಲಿಲ್ಲ. ಉಳಿದವರು ನನ್ನನ್ನೇ ನೋಡುತ್ತಿದ್ದರು. ಗೈಡ್ ಮುಂದೆ ನಾನು ಆಡಿದ ಮಾತನ್ನು ಹೇಳುವುದು ಇನ್ನೂ ಉಳಿದಿತ್ತು.

ಹೇಳಿದೆ.