ಭಾಗ್ಯಜ್ಯೋತಿ ಬರೆದುಕೊಂಡ ಪಾದಗಳು

ಇಜೇರಿಯ ಭಾಗ್ಯಜ್ಯೋತಿ ಯಾರ ಮುಖವನ್ನೂ ನೋಡುವುದಿಲ್ಲ, ಪಾದ ನೋಡಿಯೇ ಮಾತು ಶುರು ಮಾಡುತ್ತಾಳೆ. ಒಂಬತ್ತನೆಯ ತರಗತಿಯ ಈ ನನ್ನ ವಿದ್ಯಾರ್ಥಿನಿ ಮುಂದೆ ಹೊಸ ನಮೂನೆಯ ಚಪ್ಪಲಿ ರೂಪಿಸುವವಳಂತೆ. 'ನೀವು ಮಾಡಬೇಕೆಂದಿರುವ ಉದ್ಯೋಗದ ಬಗ್ಗೆ ಹುಡುಕಿ, ತರಗತಿಯಲ್ಲಿ ಮಂಡಿಸಿ' ಎಂದು ನಾನು ಹೇಳಿದ್ದೇ ತಡ, ಹಳೆಯ ಕ್ಯಾಲೆಂಡರಿನ ಹಾಳೆ, ಪೆನ್ಸಿಲು ಹಿಡಿದು ಎಲ್ಲರ ಪಾದದ ಸುತ್ತ ಗೆರೆ ಎಳೆದುಕೊಳ್ಳಲು ಮನೆಮನೆಗೆ ಹೊರಟಳು. 'ಒಂದ್ ನಿಮಿಷ ಕಾಲ ಕೊಡ್ರಿ' ಅನ್ನುವುದೇ ಅವಳ ನಮಸ್ಕಾರ. ರೊಟ್ಟಿ ಬಡಿಯುವವರನ್ನೂ ಬಿಡಲಿಲ್ಲ, ಕ್ಷೌರಕ್ಕೆ ಕೂತವರನ್ನೂ ಬಿಡಲಿಲ್ಲ. ಕೆಸರಿನಲ್ಲಿ ಹೆಜ್ಜೆ ಕಂಡರೆ 'ನಮ್ಮ ಕಾಕಾ ಬಂದು ಹೋಗ್ಯಾರ' ಅನ್ನುತ್ತಾಳೆ, ಅದು ನಿಜವೇ ಆಗಿರುತ್ತದೆ. ಮುದುಕರು ಮಾತ್ರ ಏನನ್ನೂ ಕೇಳದೆ ಪಾದ ಚಾಚಿದರು. ಮುದುಕಿ ಸುಮಿತ್ರಾಬಾಯಿ ಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಬಂದು, 'ಬರೋಬ್ಬರಿ ಬರಕೋ ಬೇ, ಇಕ್ಕಟ್ಟ ಆಗಬಾರ್ದು' ಎಂದರು. ಚಪ್ಪಲಿಯ ಮಾತೆಂದೇ ಅವಳು ಅದನ್ನೂ ಗುರುತು ಹಾಕಿಕೊಂಡಳು. ಮಂಡನೆಯ ದಿನ ಗೋಡೆ ತುಂಬ ಪಾದಗಳು. ಅವಳು ಮಾತಾಡುತ್ತಿದ್ದರೆ, ಕುಣಿ ತೋಡುವ ಮುದುಕ ಮಲಕಪ್ಪ ಒಳಗೆ ಬಂದು ಒಂದೊಂದೇ ಹಾಳೆಗೆ ದಾರ ಹಿಡಿದು ಅಳತೆಗೆ ಗಂಟು ಹಾಕತೊಡಗಿದರು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಕುಣಿಯನ್ನು ಆ ಸತ್ತವರದೇ ಪಾದದ ಅಳತೆಯಲ್ಲಿ ತೋಡುತ್ತಾರೆ. 'ಛಲೋ ಕೆಲಸ ಮಾಡಿದಿ, ಇನ್ನ ಹೆಣದ ಕಾಲ ಹಿಡಿಯೋದು ತಪ್ಪಿತು' ಎಂದರು. ಅವರ ದಾರ ಕೊನೆಗೆ ನಿಂತದ್ದು ಮಾದರಿಗೆಂದು ಅವಳು ಎಲ್ಲಕ್ಕಿಂತ ಮೊದಲು ಬರೆದಿದ್ದ ತನ್ನದೇ ಪಾದದ ಹಾಳೆಯ ಮೇಲೆ. ಗಂಟು ಬಿತ್ತು. ಬಿಳಿಚಿಕೊಂಡ ಅವಳ ತಲೆ ಸವರಿ ಮಲಕಪ್ಪ ಮೆಲ್ಲಗೆ ಅಂದರು: 'ಅಂಜಬ್ಯಾಡವ್ವಾ. ನಿನ್ನ ಪಾದ ಇನ್ನಾ ಬೆಳೀತಾವ. ಮುಂದ ಮತ್ತ ಬಂದು ಅಳೀತೇನಿ.'